ನಾವಧ್ಯಕ್ಷನ ಹೊಣೆ

ಕಳೆದ ಮಳೆಗಾಲದಲ್ಲಿ ನನ್ನ ಹೆಸರಿಗೆ ಬಂದ ಪುಸ್ತಕದ ಕಟ್ಟೊಂದು ಸರಕಿನ ಕಚೇರಿಯೊಂದರ ಸೋರುವ ಮಾಡಿನ ಕೆಳಗೆ ಬಿದ್ದು ತೊಯ್ದುಹೋಗಿತ್ತು. ಬಿಡಿಸಿಕೊಳ್ಳಲು ಹೋದರೆ, ಅಲ್ಲಿನ ಅಧಿಕಾರಿಗಳು ಎರಡು ದಿನಗಳ ಬಾಡಿಗೆಯನ್ನೂ ಸೇರಿಸಿ ಕೇಳಿದರು.

“ಪುಸ್ತಕಗಳೆಲ್ಲ ನೆನೆದಿವೆಯಲ್ಲ, ಸ್ವಾಮಿ!” ಎಂದೆ.

“ನೆನೆದದ್ದನ್ನು ಬರೆಯಲು ನಮ್ಮಲ್ಲಿ ಕಾಲಂ ಇಲ್ಲ, ಮೇಷ್ಟ್ರೇ” ಎಂದರು.

ಆ ರಾತ್ರಿ ಒದ್ದೆ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಕುಳಿತಾಗ ಕೌಟಿಲ್ಯನ ನಾವಧ್ಯಕ್ಷ ನೆನಪಾದನು.

ಅರ್ಥಶಾಸ್ತ್ರವೆಂದೊಡನೆ ಗೂಢಚಾರರು, ವಿಷಪ್ರಯೋಗ, ಕುಟಿಲನೀತಿ ಇವೇ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಹಡಗುಗಳ ಮೇಲ್ವಿಚಾರಕನಿಗಾಗಿಯೇ ಒಂದು ಅಧ್ಯಾಯವಿದೆ. ಅವನೇ ನಾವಧ್ಯಕ್ಷ.

ಸಮುದ್ರ, ನದೀಮುಖ, ಸರೋವರ, ಹೊಳೆ ಇವೆಲ್ಲವುಗಳ ಸಂಚಾರವೂ ಅವನ ಕಣ್ಗಾವಲಿಗೆ ಸೇರಿದುದು. ಬೆಸ್ತರಿಂದ ಹಿಡಿದ ಮೀನಿನ ಆರನೆಯ ಒಂದು ಪಾಲು, ವರ್ತಕರಿಂದ ರೂಢಿಯ ಸುಂಕ, ಅರಸನ ನಾವೆಯೇರಿದವರಿಂದ ಪ್ರಯಾಣದ ಕೂಲಿ ಬರಬೇಕು. ಪತ್ತನಾಧ್ಯಕ್ಷನು ಬರೆದಿರಿಸಿದ ಬಂದರಿನ ಕಟ್ಟುಕಟ್ಟಳೆಗಳನ್ನು ಅವನು ಪಾಲಿಸಬೇಕು. ಕಡಲುಗಳ್ಳರ ನಾವೆಗಳನ್ನು ನಾಶಮಾಡಬೇಕು. ಇಷ್ಟರಮಟ್ಟಿಗೆ ಅವನು ಎಲ್ಲ ಕಾಲದ ಅಧಿಕಾರಿಗಳಂತೆಯೇ ಇದ್ದಾನೆ.

ಆದರೆ ಲೆಕ್ಕವೇ ಪ್ರಾಣವಾದ ಆ ಶಾಸ್ತ್ರಕಾರನ ದನಿ ಒಂದೆಡೆ ಥಟ್ಟನೆ ಮೃದುವಾಗುತ್ತದೆ. ಬಿರುಗಾಳಿಗೆ ಸಿಕ್ಕಿ ದಿಕ್ಕುಗೆಟ್ಟು ಬಂದ ಹಡಗನ್ನು ನಾವಧ್ಯಕ್ಷನು ತಂದೆಯಂತೆ ಆದರಿಸಬೇಕಂತೆ! ನೀರು ತಾಗಿ ಕೆಟ್ಟ ಸರಕಿಗೆ ಸುಂಕವನ್ನು ಪೂರ್ತಿ ಬಿಡಬೇಕು, ಇಲ್ಲವೇ ಅರ್ಧಕ್ಕಿಳಿಸಬೇಕು. ಹೊಳೆ ದಾಟಬಂದ ಮಕ್ಕಳು, ಮುದುಕರು, ರೋಗಿಗಳು, ಗರ್ಭಿಣಿಯರು ಇವರಿಗೆ ದೋಣಿಯ ಕೂಲಿಯಿಲ್ಲ. ನಾವಧ್ಯಕ್ಷನ ಮುದ್ರೆಯೇ ಸಾಕು.

ಕರುಣೆಗಿಂತ ದೊಡ್ಡದು ಅದರ ಮುಂದಿನ ಮಾತು. ಸಾಕಷ್ಟು ಆಳುಗಳಿಲ್ಲದೆ, ಸಲಕರಣೆಯಿಲ್ಲದೆ, ದುರಸ್ತಿಯಿಲ್ಲದೆ ದೋಣಿ ಮುಳುಗಿದರೆ, ಕಳೆದುಹೋದುದನ್ನು ನಾವಧ್ಯಕ್ಷನೇ ತುಂಬಿಕೊಡತಕ್ಕದ್ದು. ಕೂಲಿಯನ್ನು ಪಡೆಯುವ ಕೈಗೇ ಹಾನಿಯ ಹೊಣೆಯೂ ಅಂಟಿಕೊಂಡಿದೆ.

ಶಾಸ್ತ್ರದಲ್ಲಿ ಬರೆದುದೆಲ್ಲ ದಡದ ಮೇಲೂ ಹಾಗೆಯೇ ನಡೆಯಿತೆಂದು ನಾನು ಹೇಳಲಾರೆ. ತೊಯ್ದ ಸರಕನ್ನು ಹೊತ್ತು ಸುಂಕದ ಕಟ್ಟೆಯ ಮುಂದೆ ಅಂಗಲಾಚಿದ ವರ್ತಕರು ಆಗಲೂ ಇದ್ದಿರಬೇಕು. ಆದರೂ ಅಧಿಕಾರಿಯೆಂದರೆ ಹೇಗಿರಬೇಕೆಂದು ಯೋಚಿಸುವಾಗ, ಕಠಿಣನೆಂದು ಹೆಸರಾದ ಕೌಟಿಲ್ಯನಿಗೂ ತಂದೆಯ ಹೋಲಿಕೆಯೇ ಹೊಳೆಯಿತು. ತಂದೆಯಾದವನು ಮನೆಯ ಲೆಕ್ಕವನ್ನೂ ಇಡುತ್ತಾನೆ, ನೆನೆದು ಬಂದ ಮಗುವಿನ ತಲೆಯನ್ನೂ ಒರೆಸುತ್ತಾನೆ.

ಸರಕಿನ ಕಚೇರಿಯ ಆ ಅಧಿಕಾರಿಗಳನ್ನು ನಾನು ದೂರುವುದಿಲ್ಲ. ಕಾಲಂ ಗೆರೆ ಎಳೆದವರು ಅವರಲ್ಲ. ಆದರೆ ಪುಸ್ತಕದಲ್ಲಿ ಕಾಲಂ ಇಲ್ಲದಿದ್ದರೂ ಅಂಚಿನಲ್ಲಿ ಒಂದಿಷ್ಟು ಬರಿಯ ಜಾಗ ಇದ್ದೇ ಇರುತ್ತದೆ. “ಸರಕು ನೆನೆದಿದೆ” ಎಂದು ಬರೆಯಲು ಅಷ್ಟು ಸಾಲದೇ?