ಕರುಳಿನ ಕ್ಯಾನ್ಸರ್: ಅರ್ಧ ಸತ್ಯ ಕನ್ನಡದಲ್ಲಿ, ಪೂರ್ಣ ಸತ್ಯ ಇಂಗ್ಲಿಷಿನಲ್ಲಿ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಬೀದರ ಜಿಲ್ಲೆಯ ಜಹೀರಾಬಾದ್ ಮತ್ತು ನಾರಾಯಣಖೇಡ ಭಾಗಗಳೂ ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲೂಕೂ ಆಂಧ್ರಪ್ರದೇಶದ ಪಾಲಾದವು. 2014ರಿಂದ ಅವು ತೆಲಂಗಾಣದಲ್ಲಿವೆ. ಅಲ್ಲಿಯ ಕನ್ನಡ ಮನೆಗಳೂ ನಮ್ಮವೂ ಹೀಗೆ ಒಂದೇ ದಿನ ಗಡಿಯಾಚೆಗೆ ಉಳಿದವು. ಶಾಲೆ, ನೌಕರಿ, ಅರ್ಜಿಗಳ ಭಾಷೆಗಾಗಿ ಎರಡೂ ಕಡೆಯವರು ದನಿಯೆತ್ತಿದ್ದೇವೆ. ಕಾಯಿಲೆ ಬಿದ್ದವನಿಗೆ ಬೇಕಾದ ಭಾಷೆಯ ಕುರಿತು ಮಾತ್ರ ನಾವು ಅಷ್ಟಾಗಿ ಯೋಚಿಸಿಲ್ಲ.

ಈಗ ಯೋಚಿಸಲು ಒಂದು ಕಾರಣ ಒದಗಿದೆ. ಕೆಲವು ವರ್ಷಗಳಿಂದ ಮೊಬೈಲುಗಳಲ್ಲಿ ಒಂದು ಸುದ್ದಿ ಓಡಾಡುತ್ತಿದೆ. ಉಪವಾಸ ಮಾಡಿದರೆ ದೇಹವು ಕ್ಯಾನ್ಸರನ್ನು ತಾನೇ ತಿಂದುಹಾಕುತ್ತದೆ, ಇದನ್ನು ಕಂಡುಹಿಡಿದ ಜಪಾನಿನ ವಿಜ್ಞಾನಿಗೆ ನೊಬೆಲ್ ಬಂದಿದೆ ಎಂಬುದು ಅದರ ಸಾರ. ಇದರಲ್ಲಿ ಸತ್ಯವೆಷ್ಟು?

ನೊಬೆಲ್ ಬಂದದ್ದು ನಿಜ. ಜೀವಕೋಶವು ತನ್ನೊಳಗಿನ ಸವೆದ ಭಾಗಗಳನ್ನು ತಾನೇ ಅರಗಿಸಿ ಮತ್ತೆ ಉಪಯೋಗಿಸಿಕೊಳ್ಳುತ್ತದೆ. ಈ ಕ್ರಿಯೆಗೆ 1963ರಲ್ಲಿ ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ ‘ಆಟೊಫಜಿ’, ಅಂದರೆ ಸ್ವಭಕ್ಷಣೆ, ಎಂದು ಹೆಸರಿಟ್ಟರು. ಬ್ರೆಡ್ಡಿನ ಹಿಟ್ಟು ಹುದುಗಿಸುವ ಯೀಸ್ಟಿನಲ್ಲಿ ಇದರ ವಂಶವಾಹಿಗಳನ್ನು ಗುರುತಿಸಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ದೊರೆಯಿತು. ಆದರೆ ಅದು ದೊರೆತದ್ದು ಜೀವಕೋಶದ ಈ ಒಳವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೆ, ಉಪವಾಸದ ಚಿಕಿತ್ಸೆಗಲ್ಲ.

ಮುಂದಿನ ಸಂಶೋಧನೆಯಂತೂ ಆ ಸುದ್ದಿಗೆ ತದ್ವಿರುದ್ಧವಾದುದನ್ನೂ ಹೇಳುತ್ತಿದೆ. ಆರೋಗ್ಯವಂತ ಕರುಳಿನಲ್ಲಿ ಸ್ವಭಕ್ಷಣೆಯು ಕಸ ಗುಡಿಸಿ ರೋಗ ಹುಟ್ಟದಂತೆ ಕಾಯುತ್ತದೆ. ಗಂಟು ಬೆಳೆದ ಮೇಲೆ ಅದೇ ಕ್ರಿಯೆ ಕ್ಯಾನ್ಸರ್ ಕೋಶಕ್ಕೂ ಆಸರೆಯಾಗಬಲ್ಲದು. ಆಹಾರ, ಆಮ್ಲಜನಕ ಕಡಿಮೆಯಾದಾಗಲೂ, ಕಿಮೊಥೆರಪಿಯ ಹೊಡೆತ ಬಿದ್ದಾಗಲೂ ಆ ಕೋಶವು ತನ್ನನ್ನೇ ತುಸು ತಿಂದು ಜೀವ ಹಿಡಿದುಕೊಳ್ಳುತ್ತದೆ. ಮನೆ ಕಾಯುವ ನಾಯಿ ಕಳ್ಳನಿಗೂ ಬಾಲ ಅಲ್ಲಾಡಿಸಿದಂತೆ! ಆದುದರಿಂದಲೇ ಮಲೇರಿಯಾ ಮದ್ದಾದ ಕ್ಲೋರೊಕ್ವಿನ್ ಹಾಗೂ ಅದರ ಸೋದರ ಹೈಡ್ರಾಕ್ಸಿಕ್ಲೋರೊಕ್ವಿನ್‌ನಿಂದ ಈ ಕ್ರಿಯೆಯನ್ನು ತಡೆದು ಕಿಮೊಥೆರಪಿಗೆ ಬಲ ಕೊಡಬಹುದೇ ಎಂಬ ಪರೀಕ್ಷೆಗಳು ನಡೆದಿವೆ. ಈ ವಿಷಯದಲ್ಲಿ ಚೀನಾದಿಂದ ಅತಿ ಹೆಚ್ಚು ಪ್ರಬಂಧಗಳು ಬರುತ್ತಿವೆ. ಹಾಗಿದ್ದರೂ ಕರುಳಿನ ಕ್ಯಾನ್ಸರಿಗೆ ಇದಾವುದೂ ಇನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ. ಮೊದಲೇ ತೂಕ ಇಳಿದ ರೋಗಿ ಚಿಕಿತ್ಸೆ ಬಿಟ್ಟು ಉಪವಾಸ ಕೂತರೆ ಸೊರಗುವುದು ಗಂಟಲ್ಲ, ಅವನೇ. ವ್ರತಕ್ಕಾಗಿ ಉಪವಾಸ ಮಾಡುವವರ ಶ್ರದ್ಧೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಅದನ್ನು ಔಷಧದ ಜಾಗದಲ್ಲಿ ಕೂರಿಸಬಾರದೆಂದಷ್ಟೇ ನಮ್ಮ ಮಾತು.

2022ರಲ್ಲಿ ಲೋಕದಲ್ಲಿ ಸುಮಾರು 19 ಲಕ್ಷ ಮಂದಿಗೆ ಹೊಸದಾಗಿ ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ತಗಲಿತು. ಸುಮಾರು 9 ಲಕ್ಷ ಮಂದಿ ಅದರಿಂದ ತೀರಿಕೊಂಡರು. ಆದರೆ ಈ ರೋಗ ಹೆಚ್ಚಾಗಿ ‘ಪಾಲಿಪ್’ ಎಂಬ ಸಣ್ಣ ಗಂಟಾಗಿ ಹುಟ್ಟಿ, ವರ್ಷಗಟ್ಟಲೆ ಮೆಲ್ಲಗೆ ಬೆಳೆಯುವಂಥದು. ಬೇಗ ಕಂಡರೆ ಗುಣವಾಗುವ ಸಂಭವ ಬಹಳ. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಕ್ರಮ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ – ಇವು ಎಚ್ಚರಿಕೆಯ ಗಂಟೆ. ನಮ್ಮವರು ಇದನ್ನು ಮೂಲವ್ಯಾಧಿಯೆಂದು ತೀರ್ಮಾನಿಸಿ ನಾಚಿಕೆಯಿಂದ ಮುಚ್ಚಿಡುತ್ತಾರೆ.

ಭಾಷೆಯ ಪ್ರಶ್ನೆ ಏಳುವುದು ಇಲ್ಲಿಯೇ. ಮನೆಮಾತಿನಲ್ಲೇ ಹೇಳಲು ಸಂಕೋಚಪಡುವ ಸಂಗತಿಯನ್ನು ನಾರಾಯಣಖೇಡದ ಅಜ್ಜಿಯೊಬ್ಬಳು ತೆಲುಗಿನಲ್ಲಿ, ನಮ್ಮ ಕಡೆಯ ಅಜ್ಜಿಯೊಬ್ಬಳು ಮಲಯಾಳದಲ್ಲಿ ಹೇಗೆ ವಿವರಿಸಿಯಾಳು? ಮೊಮ್ಮಗನನ್ನು ದುಭಾಷಿಯಾಗಿ ನಿಲ್ಲಿಸಿಕೊಂಡು ಇಂಥ ಮಾತಾಡಲು ಸಾಧ್ಯವೇ? ಜಹೀರಾಬಾದಿನವರು ಬೀದರಿಗೋ, ತಾಂಡೂರಿನವರು ಕಲಬುರಗಿಗೋ, ನಮ್ಮವರು ಮಂಗಳೂರಿಗೋ ಹೋದರೆ ಕನ್ನಡದಲ್ಲಿ ಮಾತಾಡಬಹುದು, ನಿಜ. ಆದರೆ ಮೊದಲ ಅನುಮಾನ ಮೂಡಬೇಕಾದದ್ದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ.

ಮನುಷ್ಯರ ಮೇಲೆ ಹೊಸ ಮದ್ದಿನ ಪರೀಕ್ಷೆ ನಡೆಸುವಾಗ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ 2019ರ ಔಷಧ ಪರೀಕ್ಷಾ ನಿಯಮಗಳೂ ವಿಧಿಸಿವೆ. ಪರೀಕ್ಷೆಗೆ ಒಡ್ಡಿಕೊಂಡವನಿಗೆ ಸಲ್ಲುವ ಈ ಮರ್ಯಾದೆ ಸಾಮಾನ್ಯ ರೋಗಿಗೇಕೆ ಬೇಡ?

ನಾವು ಕೇಳುವುದು ಹೆಚ್ಚೇನಲ್ಲ. ಎರಡೂ ಗಡಿನಾಡುಗಳ ಆರೋಗ್ಯ ಕೇಂದ್ರಗಳಲ್ಲಿ ಈ ಲಕ್ಷಣಗಳನ್ನು ತಿಳಿಸುವ ಕನ್ನಡ ಫಲಕವಿರಲಿ, ಕನ್ನಡ ಬಲ್ಲ ದಾದಿ ಅಥವಾ ಆಶಾ ಕಾರ್ಯಕರ್ತೆಯೊಬ್ಬರಿರಲಿ, ಒಪ್ಪಿಗೆ ಪತ್ರ ಕನ್ನಡದಲ್ಲೂ ಸಿಗಲಿ. ನಮ್ಮ ಕನ್ನಡ ಸಂಘಗಳೂ ಉತ್ಸವಗಳ ನಡುವೆ ವರ್ಷಕ್ಕೊಮ್ಮೆಯಾದರೂ ವೈದ್ಯರನ್ನು ಕರೆಸಿ ಕನ್ನಡದಲ್ಲಿ ಮಾತಾಡಿಸಲಿ. ಸುಳ್ಳು ಈಗಾಗಲೇ ನಮ್ಮ ಭಾಷೆ ಕಲಿತು ಮನೆಮನೆ ಹೊಕ್ಕಿದೆ. ವಿಜ್ಞಾನವೂ ಅದನ್ನು ಕಲಿಯುವಂತೆ ಸಂಬಂಧಪಟ್ಟವರು ಮನಸ್ಸು ಮಾಡುವರೇ?