ಮಿತವ್ಯಯದ ಉಪದೇಶ ಯಾರಿಗೆ?

‘ಖರ್ಚು ಇಳಿಸಿ, ಹಣ ಉಳಿಸಿ’ ಎಂದು ಉಳ್ಳವರು ಬಡವರಿಗೆ ಬೋಧಿಸುತ್ತಾರೆ. ಅವರು ರೋಣ ತಾಲ್ಲೂಕಿನ ಅಸೂಟಿಗೆ ಬಂದು ನೋಡಲಿ. ಇಲ್ಲಿ ಹರಿದ ಸೀರೆ ಕೌದಿಯಾಗುತ್ತದೆ. ಖಡಕ್ ರೊಟ್ಟಿ ವಾರಗಟ್ಟಲೆ ಬಾಳುತ್ತದೆ. ಇನ್ನೇನನ್ನು ಉಳಿಸಬೇಕು?

ಸೋರಿಕೆ ಇರುವುದು ಅಡಿಗೆಮನೆಯಲ್ಲಲ್ಲ, ಪೇಟೆಯಲ್ಲಿ. ಸಾಲದ ಒತ್ತಡಕ್ಕೆ ಸುಗ್ಗಿಯಲ್ಲೇ ಕಡಲೆಯನ್ನು ಅಗ್ಗಕ್ಕೆ ಮಾರುವ ರೈತ, ಮುಂದೆ ಅದರ ಬೇಳೆಯನ್ನೇ ತುಟ್ಟಿ ದರಕ್ಕೆ ಕೊಳ್ಳುತ್ತಾನೆ. ದಿನಗೂಲಿಯವಳು ಚಿಲ್ಲರೆ ಎಣ್ಣೆಗೆ ಸಗಟಿಗಿಂತ ಹೆಚ್ಚು ತೆರುತ್ತಾಳೆ. ಬಡತನಕ್ಕೇ ಹಾಕಿದ ದಂಡವಿದು!

ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರಿ ಸಂಘ ಕಟ್ಟಿ ದಾರಿ ತೋರಿದರು. ಹತ್ತು ಮನೆ ಕೂಡಿ ಸಗಟು ಕೊಳ್ಳಲಿ. ಕಾಳು ಹಿಡಿದಿಡಲು ಸಂಘ ಸಾಲ ಕೊಡಲಿ. ಜಾಣ ಖರ್ಚೆಂದರೆ ಇದು. ಹೊಟ್ಟೆ ಕಟ್ಟುವುದನ್ನು ನಾವು ಮಿತವ್ಯಯವೆಂದು ಒಪ್ಪೆವು.