ನೋಂದಣಿಯೂ ಹಕ್ಕೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಈಗ ಮನೆಯ ಮಾತು ಹಾಗಿರಲಿ, ನಿವೇಶನವೊಂದನ್ನು ಕೊಂಡು ಉಳಿಸಿಕೊಳ್ಳುವುದೇ ದೊಡ್ಡ ಪರೀಕ್ಷೆಯಾಗಿದೆ. ಮೂವತ್ತು ವರ್ಷ ದುಡಿದು ನಿವೃತ್ತನಾದ ಗುಮಾಸ್ತನಾಗಲಿ ಉಪಾಧ್ಯಾಯನಾಗಲಿ, ಕೈಗೆ ಬಂದ ಹಣವನ್ನೆಲ್ಲ ಬೆಂಗಳೂರಿನ ಹೊರವಲಯದ ಒಂದು ತುಂಡು ನೆಲದಲ್ಲಿ ತೊಡಗಿಸುತ್ತಾನೆ. ಕ್ರಯಪತ್ರವು ನೋಂದಣಿಯಾದ ರಾತ್ರಿ ನಿಶ್ಚಿಂತನಾಗಿ ಮಲಗುತ್ತಾನೆ. ಆ ನಿಶ್ಚಿಂತೆಗೆ ಕಾನೂನಿನ ಆಧಾರವಿಲ್ಲವೆಂಬುದೇ ನಮ್ಮ ವ್ಯಥೆ.

ನೂರು ರೂಪಾಯಿಗೂ ಅದಕ್ಕೆ ಮೇಲ್ಪಟ್ಟೂ ಬೆಲೆಯುಳ್ಳ ಸ್ಥಿರಾಸ್ತಿಯ ಮಾರಾಟವು ನೋಂದಾಯಿತ ಪತ್ರದಿಂದಲೇ ಆಗತಕ್ಕದ್ದೆಂದು 1882ರ ಸ್ವತ್ತು ವರ್ಗಾವಣೆ ಕಾನೂನು ವಿಧಿಸುತ್ತದೆ. ಆದರೆ 1908ರ ನೋಂದಣಿ ಕಾನೂನು ಪತ್ರವನ್ನು ದಾಖಲು ಮಾಡುವುದೇ ಹೊರತು, ಮಾರುವವನಿಗೆ ಹಕ್ಕಿತ್ತೇ ಎಂದು ವಿಚಾರಿಸುವುದಿಲ್ಲ. ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ 2025ರಲ್ಲಿ ಸುಪ್ರೀಂ ಕೋರ್ಟು, ಹಾಗೆ ವಿಚಾರಿಸುವ ಅಧಿಕಾರವೇ ಸಬ್‌ರಿಜಿಸ್ಟ್ರಾರರಿಗಿಲ್ಲವೆಂದು ಸ್ಪಷ್ಟಪಡಿಸಿತು. ಖಾತೆಯಾದರೋ ತೆರಿಗೆಯ ವಸೂಲಿಗಾಗಿ ಇಟ್ಟ ಲೆಕ್ಕ, ಅದು ಹಕ್ಕುಪತ್ರವಲ್ಲ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ.

ಅಪಾಯಗಳು ಒಂದೆರಡಲ್ಲ. 1964ರ ಭೂಕಂದಾಯ ಕಾನೂನಿನಂತೆ ಪರಿವರ್ತನೆಯಾಗದ ಸಾಗುವಳಿ ಜಮೀನನ್ನು ನಿವೇಶನಗಳಾಗಿ ತುಂಡುಮಾಡಿ ಮಾರುವವರುಂಟು. ಕೇವಲ ಮುಖತ್ಯಾರು ಪತ್ರವನ್ನು ಬರೆದುಕೊಟ್ಟು ಹಣ ಪಡೆಯುವವರುಂಟು. ಅದರಿಂದ ಒಡೆತನ ದಾಟದೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ತೀರ್ಮಾನಿಸಿದೆ. ಪರಿಶಿಷ್ಟ ವರ್ಗದವರಿಗೆ ಸರ್ಕಾರವು ಮಂಜೂರು ಮಾಡಿದ ಜಮೀನನ್ನು ನಿಯಮ ಮೀರಿ ಕೊಂಡರೆ, 1978ರ ಶಾಸನದಂತೆ ಆ ಕ್ರಯವು ಅಸಿಂಧು. 2023ರ ತಿದ್ದುಪಡಿಯ ಬಳಿಕ, ಹಿಂದಕ್ಕೆ ಪಡೆಯಲು ಕಾಲಮಿತಿಯೂ ಇಲ್ಲ. ಈ ಶಾಸನ ನ್ಯಾಯವಾದುದೇ. ದೋಷವು ಸಂಗತಿಯನ್ನು ಮರೆಮಾಚಿ ಮಾರುವವನದು. ದಂಡ ತೆರುವವನು ಮಾತ್ರ ಕೊಂಡವನು.

ಇನ್ನು ಬೊಕ್ಕಸದ ಮಾತು. ಐವತ್ತು ಲಕ್ಷದ ನಿವೇಶನಕ್ಕೆ ಶೇಕಡ 5ರ ಮುದ್ರಾಂಕ ಶುಲ್ಕವೇ ಎರಡೂವರೆ ಲಕ್ಷವಾಗುತ್ತದೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟಿನಲ್ಲಿ ಶೇಕಡ 1ರಿಂದ 2ಕ್ಕೆ ಏರಿಸಲಾಯಿತು. ಅದು ಒಂದು ಲಕ್ಷ. ಮೇಲ್ತೆರಿಗೆಗಳು ಬೇರೆ. ಬೆಲೆ ಐವತ್ತು ಲಕ್ಷ ಮುಟ್ಟಿದರೆ ಶೇಕಡ 1ನ್ನು ಮುರಿದುಕೊಂಡು ಕೇಂದ್ರ ಸರ್ಕಾರಕ್ಕೆ ಕಟ್ಟುವ ಹೊಣೆಯೂ ಕೊಳ್ಳುವವನದೇ. ಶುಲ್ಕ ಇಮ್ಮಡಿಯಾಯಿತು, ಸರ್ಕಾರದ ಹೊಣೆ ಎಳ್ಳಷ್ಟಾದರೂ ಹೆಚ್ಚಿತೆ?

ಪರದೇಶದ ಆಳರಸರು ಮಾಡಿದ ಕಾನೂನಿಗೆ ಪತ್ರವೂ ಶುಲ್ಕವೂ ಮುಖ್ಯವಾಗಿದ್ದರೆ ಆಶ್ಚರ್ಯವಿಲ್ಲ. ಸ್ವತಂತ್ರ ಸರ್ಕಾರವೂ ಅದನ್ನೇ ಮುಂದುವರಿಸುವುದು ಆಶ್ಚರ್ಯ. ದಕ್ಷಿಣ ಆಸ್ಟ್ರೇಲಿಯದಲ್ಲಿ 1858ರಲ್ಲಿಯೇ ಸರ್ಕಾರದ ದಫ್ತರಿನಲ್ಲಿ ಬರೆದುದೇ ಹಕ್ಕೆಂಬ ಪದ್ಧತಿ ಬಂದಿತು. ನಮ್ಮ ದೇಶದಲ್ಲೇ ರಾಜಸ್ಥಾನವು ನಗರ ಭೂಮಿಗಳ ಹಕ್ಕನ್ನು ಪ್ರಮಾಣೀಕರಿಸುವ ಶಾಸನವನ್ನು 2016ರಲ್ಲಿ ಮಾಡಿತು. ಕರ್ನಾಟಕಕ್ಕೆ ಇದು ಅಸಾಧ್ಯವೆಂದು ನಾವು ಒಪ್ಪಲಾರೆವು. ಒಮ್ಮೆಗೇ ಆಗದಿದ್ದರೆ, ಇಂದಿನ ನೋಂದಣಿ ಶುಲ್ಕದ ಒಂದು ಪಾಲನ್ನು ಪ್ರತ್ಯೇಕ ನಿಧಿಯಾಗಿರಿಸಿ, ಸರ್ಕಾರದ ದಾಖಲೆಗಳನ್ನು ನಂಬಿ ಮೋಸಹೋದವರಿಗೆ ಪರಿಹಾರ ಕೊಡುವ ಏರ್ಪಾಡನ್ನಾದರೂ ಮಾಡಲಿ.

ಅಲ್ಲಿಯವರೆಗೆ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಮೂಲಪತ್ರಗಳನ್ನೂ ಪರಿವರ್ತನೆಯ ಆಜ್ಞೆಯನ್ನೂ ಅನುಮೋದಿತ ನಕ್ಷೆಯನ್ನೂ ಬಲ್ಲ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ಬಡಾವಣೆಯು ಐನೂರು ಚದರ ಮೀಟರು ಮೀರಿದ್ದರೆ, 2016ರ ಕಾನೂನಿನಂತೆ ರೇರಾ ಪ್ರಾಧಿಕಾರದಲ್ಲಿ ದಾಖಲಾಗಿದೆಯೇ ನೋಡಿ. ದಲ್ಲಾಳಿಯ ಅವಸರವು ನಿಮ್ಮ ಅವಸರವಾಗದಿರಲಿ. ಪ್ರಜೆಯು ಎಚ್ಚರವಾಗಿರಬೇಕಾದುದು ಸರಿಯೇ. ಆದರೆ ಅವನಿಂದ ಶುಲ್ಕ ತೆಗೆದುಕೊಂಡ ಸರ್ಕಾರವು ನಿದ್ರಿಸುವುದು ಸರಿಯಲ್ಲ.